ಕೋಳಿ ಅಂಕದ ದಿನ ನಮ್ಮ ಹುಡುಗಿಯರು

ಅವಳ ಸೋದರಮಾವ ಶಾಲೆಯ ಅಂಗಳಕ್ಕೆ ನುಗ್ಗಿ, ಸಾಲಿನಲ್ಲಿ ನಿಂತಿದ್ದ ಅವಳ ಕೊರಳಿನ ನೀಲಿ ಸ್ಕಾರ್ಫನ್ನು ಹಿಡಿದು ಎಳೆದಾಗ ನಾನು ಕೈಗೆಟಕುವಷ್ಟು ಹತ್ತಿರದಲ್ಲಿದ್ದೆ. ಎಷ್ಟು ಎಳೆದರೂ ಕೊರಳಿಗೆ ಬಿಗಿಯದ ಗಂಟು ಹಾಕುವುದನ್ನು ಹುಡುಗಿಯರಿಗೆ ಕಲಿಸಿದ್ದೆ, ಅದೊಂದು ಪುಣ್ಯ. ಅವಳು ಮುಗ್ಗರಿಸಿ ಬಿದ್ದಳು. ಬಿದ್ದವಳ ಬೆನ್ನಿಗೆ ಅವನು ಒದ್ದ. ಕೂದಲು ಹಿಡಿದು ಎಬ್ಬಿಸಿ ಕೆನ್ನೆಗೆ ಬಾರಿಸಿದ. ತುಟಿ ಒಡೆದು ಬಿಳಿ ರವಕೆಯ ಮೇಲೆ ರಕ್ತ ಇಳಿಯಿತು. ಉಳಿದ ಹುಡುಗಿಯರು ಬಿದಿರಿನ ಕೋಲು ಹಿಡಿದುಕೊಂಡು ಸೆಟೆದು ನಿಂತೇ ಇದ್ದರು. ಸಾಲಿನಲ್ಲಿ ಅಲುಗಾಡಬಾರದು ಎಂದು ನಾನು ಹೇಳಿದ್ದೆ, ಅವರು ಅಲುಗಾಡಲಿಲ್ಲ.

"ಹೆಣ್ಣು ಮಕ್ಕಳ ಕೈಗೆ ಕೋಲು ಕೊಟ್ಟು ಕುಣಿಸುವುದಾ? ನಿಮಗೆ ಬೇರೆ ಕೆಲಸ ಇಲ್ಲದಿದ್ದರೆ ನಿಮ್ಮ ಮಕ್ಕಳಿಗೆ ಕಲಿಸಿ ಟೀಚರೇ" ಎಂದ.

"ನನಗೆ ಮಕ್ಕಳಿಲ್ಲ. ಅದಕ್ಕೇ ನಿಮ್ಮ ಮನೆಯವರನ್ನು ಹಾಳು ಮಾಡುವುದು" ಎಂದೆ. ಮೂಗಿನ ತುದಿಯಲ್ಲೇ ಕೋಪ ನನಗೆ.

ಅವನು ಸ್ಕಾರ್ಫನ್ನು ಬೀಡಿಯ ಬೆಂಕಿಕಡ್ಡಿ ಗೀರಿ ಸುಟ್ಟ. ಕ್ರಿಸ್ಮಸ್ ರಜೆಯವರೆಗೆ ಮಾತ್ರ ಇವಳಿಗೆ ಶಾಲೆ, ಆಮೇಲೆ ಮದುವೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಹೋದ. ಅಳಿಯಸಂತಾನದ ಮನೆ ಅದು. ಅಪ್ಪ ಬದುಕಿದ್ದರೂ ಮಕ್ಕಳ ವಿಷಯದಲ್ಲಿ ತಾಯಿಯ ಅಣ್ಣ ಆಡಿದ್ದೇ ಮಾತು. ಹುಡುಗಿ ಎಂಟನೆಯ ತರಗತಿಯಲ್ಲಿದ್ದಳು. ಮಾರ್ಚಿಯಲ್ಲಿ ಪರೀಕ್ಷೆ ಪಾಸಾದರೆ ಮಂಗಳೂರಿನ ಟ್ರೈನಿಂಗ್ ಶಾಲೆಗೆ ಸೇರಬಹುದಿತ್ತು, ಅಲ್ಲಿಂದ ಹೊರಗೆ ಬಂದರೆ ಟೀಚರ್. ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ತುಟಿ ಒರೆಸಿಕೊಂಡು ಅವಳು ಮತ್ತೆ ಸಾಲಿನಲ್ಲಿ ತನ್ನ ಜಾಗಕ್ಕೆ ಬಂದು ನಿಂತಳು. ದಳದ ನಾಯಕಿ ಅವಳೇ. ನಾವೆಲ್ಲ ಅವಳನ್ನು ಲೀಡರ್ ಎಂದೇ ಕರೆಯುತ್ತಿದ್ದೆವು.

ಇದು ನಾವಿನ್ನೂ ಮದ್ರಾಸಿನ ಕೆಳಗಿದ್ದ ಕಾಲದ ಮಾತು. ಬದಿಯಡ್ಕದಿಂದ ಒಳಗೆ, ಗದ್ದೆಬೈಲು ದಾಟಿ ಹೋಗಬೇಕಾದ ಒಂದು ಶಾಲೆಯಲ್ಲಿ ನಾನು ಟೀಚರಾಗಿದ್ದೆ. ಹುಡುಗಿಯರ ದಳವೊಂದನ್ನು ಕಟ್ಟಬೇಕು, ಅವರಿಗೆ ಸೇವೆ, ಶಿಸ್ತು, ಮುಂದಾಳುತನ ಕಲಿಸಬೇಕು ಎಂದು ಮೇಲಿನಿಂದ ಅಪ್ಪಣೆ ಬಂದಾಗ ಹೆಡ್‌ಮಾಸ್ಟರು ಅದನ್ನು ನನ್ನ ತಲೆಗೆ ಕಟ್ಟಿದರು. ಗಂಡು ಮಾಸ್ಟರುಗಳೆಲ್ಲ ಬಾಯಿಗೆ ವೀಳ್ಯ ಹಾಕಿಕೊಂಡು ನಕ್ಕರು. ಆ ನಗುವಿಗೇ ನಾನು ಹಟ ಹಿಡಿದೆ ಎಂದರೂ ಸುಳ್ಳಲ್ಲ.

ಆ ಕ್ರಿಸ್ಮಸ್ ರಜೆಯಲ್ಲಿ ಶಾಲೆಯಲ್ಲೇ ಶಿಬಿರ ಹೂಡಿದೆವು. ಲೀಡರನ್ನು ಅವಳ ತಾಯಿ ಮಾವನ ಕಣ್ಣು ತಪ್ಪಿಸಿ ಕಳುಹಿಸಿದ್ದಳು. ಬ್ರಾಹ್ಮಣರ ಹುಡುಗಿಯರಿಗೆ ಬೇರೆ ಒಲೆ ಎಂಬ ಷರತ್ತಿನ ಮೇಲೆ ಅವರ ಅಪ್ಪಂದಿರು ಒಪ್ಪಿದ್ದರು. ನನಗೆ ಮೈಯೆಲ್ಲ ಉರಿಯಿತು, ಆದರೆ ಹುಡುಗಿಯರು ಬಂದರೆ ಸಾಕೆಂದು ಹೊಟ್ಟೆಗೆ ಹಾಕಿಕೊಂಡೆ. ಒಲೆ ಎರಡಾದರೂ ಲೀಡರ್ ಮತ್ತು ಭಟ್ಟರ ಮಗಳು ಒಂದೇ ಚಾಪೆಯಲ್ಲಿ ಮಲಗುತ್ತಿದ್ದರು. ಇಬ್ಬರೂ ಒಂದೇ ಬೆಂಚಿನವರು. ಕಾವಲಿಗೆಂದು ನಮ್ಮ ಡ್ರಿಲ್ ಮಾಸ್ಟರು ಬಂದಿದ್ದರು. ಮೀಸೆಯೇನೋ ದೊಡ್ಡದೇ ಇತ್ತು.

ಬೆಳಿಗ್ಗೆಯೆಲ್ಲ ಪ್ರಥಮ ಚಿಕಿತ್ಸೆಯ ಅಭ್ಯಾಸ. ಗಾಯದಿಂದ ರಕ್ತ ಚಿಮ್ಮಿ ಚಿಮ್ಮಿ ಬರುತ್ತಿದ್ದರೆ ಗಾಯದ ಮೇಲ್ಗಡೆ ಸ್ಕಾರ್ಫನ್ನು ಅಗಲ ಪಟ್ಟಿಯಾಗಿ ಮಡಚಿ ಸುತ್ತಬೇಕು, ಅರ್ಧ ಗಂಟು ಹಾಕಬೇಕು, ಗಂಟಿನ ಮೇಲೆ ಒಂದು ಗಟ್ಟಿ ಕಡ್ಡಿ ಇಟ್ಟು ಪೂರ್ತಿ ಗಂಟು ಹಾಕಿ ಕಡ್ಡಿಯನ್ನು ತಿರುಪಬೇಕು. ರಕ್ತ ನಿಂತ ಮೇಲೂ ಆಗಾಗ ಸ್ವಲ್ಪ ಸಡಿಲಿಸಬೇಕು, ಇಲ್ಲವಾದರೆ ಕೆಳಗಿನ ಅಂಗ ಸಾಯುತ್ತದೆ. ಆಗಿನ ಕಲಿಸುವಿಕೆ ಅದು, ಈಗ ಬೇರೆ ಹೇಳುತ್ತಾರೆ. ಗೋಣಿಚೀಲದ ತಳದ ಮೂಲೆಗಳನ್ನು ಕತ್ತರಿಸಿ ಎರಡು ಕೋಲು ತೂರಿಸಿದರೆ ಹೊರುವ ಡೋಲಿ. ಅದನ್ನು ನಾಲ್ವರು ಹೊರುವಾಗ ಹೆಜ್ಜೆ ಒಂದೇ ಸಮ ಇಡಬಾರದು, ಇಟ್ಟರೆ ಡೋಲಿ ತೂಗಾಡುತ್ತದೆ. ಇಷ್ಟನ್ನು ಹುಡುಗಿಯರು ನಗುನಗುತ್ತ ಒಬ್ಬರನ್ನೊಬ್ಬರು ಹೊತ್ತು ಕಲಿತರು.

ಮಧ್ಯಾಹ್ನದ ಹೊತ್ತಿಗೆ ಶಾಲೆಯ ಹಿಂದಿನ ಎತ್ತರದ ಬೆಟ್ಟುಗದ್ದೆಯಿಂದ ಗದ್ದಲ ಕೇಳಿಸತೊಡಗಿತು. ಕೊಯ್ಲು ಮುಗಿದು ಒಣಗಿದ ಗದ್ದೆಯಲ್ಲಿ ಕೋಳಿ ಅಂಕ. ನಮ್ಮ ಕಡೆಯಲ್ಲಿ ಇದನ್ನು ವಿವರಿಸಬೇಕಾಗಿಲ್ಲ, ಆದರೂ ಹೇಳುತ್ತೇನೆ. ಕಾದಾಟಕ್ಕೆ ಬಿಡುವ ಹುಂಜದ ಕಾಲಿಗೆ ಬಾಳು ಕಟ್ಟುತ್ತಾರೆ. ಬೆರಳುದ್ದದ ಚೂರಿ ಅದು, ಕ್ಷೌರದ ಕತ್ತಿಯಷ್ಟು ಹರಿತ. ಸೋತ ಕೋಳಿಯನ್ನು ಗೆದ್ದವನು ಮನೆಗೆ ಕೊಂಡುಹೋಗಿ ಸಾರು ಮಾಡುತ್ತಾನೆ. ಸತ್ತ ಕೋಳಿಯನ್ನು ಕೈಯೆತ್ತಿ ಕೊಟ್ಟರೆ ಸೋಲು ಒಪ್ಪಿದ ಹಾಗೆ. ಎರಡೂ ಸತ್ತರೆ ಮೊದಲು ಸತ್ತದ್ದು ಯಾವುದು ಎಂಬಲ್ಲಿ ಜಗಳ. ಹೆಂಡವೂ ಸೇರಿದರೆ ಕೋಳಿಗಳಿಗಿಂತ ಹೆಚ್ಚು ರಕ್ತ ಮನುಷ್ಯರದು ಬೀಳುತ್ತದೆ.

ಕೂಗಾಟ ಚೀರಾಟವಾಯಿತು. ನಾನು ಹುಡುಗಿಯರನ್ನೆಲ್ಲ ಒಳಗೆ ಕರೆಯಬೇಕೆನ್ನುವಾಗ ಬೇಲಿ ಮುರಿದುಕೊಂಡು ಒಬ್ಬ ಓಡಿಬಂದ. ಉಟ್ಟ ಮುಂಡು ಸೊಂಟದಿಂದ ಕೆಳಗೆ ಕೆಂಪಗೆ ತೊಯ್ದಿತ್ತು. ಎಡಗೈಯಲ್ಲಿ ಸತ್ತ ಹುಂಜ. ಜಗಲಿಯ ಮೆಟ್ಟಿಲಲ್ಲಿ ಮುಗ್ಗರಿಸಿ ನನ್ನ ಕಾಲ ಬುಡದಲ್ಲೇ ಬಿದ್ದ. ಮುಖ ನೋಡಿದರೆ ಲೀಡರಿನ ಮಾವ.

"ಒಳಗೆ ಎಳೆಯಿರಿ!" ಎಂದೆ. ಭಟ್ಟರ ಮಗಳು ಒಂದು ಕೈ, ನಾನೊಂದು ಕೈ ಹಿಡಿದು ಎಳೆದೆವು. ಬಾಗಿಲು ಹಾಕಿ ಅಗುಳಿ ಜಡಿಯುವುದಕ್ಕೂ ಹಿಂದೆ ಅಟ್ಟಿಸಿಕೊಂಡು ಬಂದವರು ಜಗಲಿ ಹತ್ತುವುದಕ್ಕೂ ಸರಿಹೋಯಿತು. ಡ್ರಿಲ್ ಮಾಸ್ಟರು "ನಾನು ಪೊಲೀಸರನ್ನು ಕರೆತರುತ್ತೇನೆ" ಎಂದು ಹಿತ್ತಲ ಬಾಗಿಲಿನಿಂದ ಹಾರಿದರು; ಶಿಬಿರದ ಅಡುಗೆಯ ಅಮ್ಮ ಆ ಬಾಗಿಲಿಗೂ ಅಗುಳಿ ಹಾಕಿದಳು. ಮಾಸ್ಟರು ಮರುದಿನ ಕಾಫಿಯ ಹೊತ್ತಿಗೆ ಬಂದರು, ಪೊಲೀಸರಿಲ್ಲದೆ.

ತೊಡೆಯ ಒಳಭಾಗದಲ್ಲಿ ಬಾಳು ಆಳಕ್ಕೆ ಇಳಿದಿತ್ತು. ಎದುರಾಳಿ ತನ್ನ ಕೋಳಿಯ ಕಾಲಿನಿಂದ ಬಾಳು ಕಿತ್ತು ಇವನಿಗೇ ಹಾಕಿದ್ದ. ರಕ್ತ ಚಿಮ್ಮಿ ಚಿಮ್ಮಿ ಬರುತ್ತಿತ್ತು. ಹುಡುಗಿಯರಲ್ಲಿ ಇಬ್ಬರು ಗೋಡೆಗೊರಗಿ ವಾಂತಿ ಮಾಡಿಕೊಂಡರು. ಪುಸ್ತಕದಲ್ಲಿ ಬಾಣದ ಗುರುತು ಹಾಕಿ ತೋರಿಸಿದ ರಕ್ತಕ್ಕೆ ವಾಸನೆ ಇರಲಿಲ್ಲ. ಲೀಡರ್ ಮಾತ್ರ ಮಾವನ ಪಕ್ಕದಲ್ಲಿ ಮೊಣಕಾಲೂರಿ ಕೈ ಚಾಚಿದಳು. ಅವಳ ಸ್ಕಾರ್ಫ್ ಸುಟ್ಟುಹೋಗಿತ್ತಲ್ಲ. ಭಟ್ಟರ ಮಗಳು ತನ್ನದನ್ನು ಬಿಚ್ಚಿ ಕೊಟ್ಟಳು. ಇನ್ನೊಬ್ಬಳು ಅನ್ನದ ಸೌಟು ತಂದಳು. ಲೀಡರ್ ತೊಡೆಯ ಬುಡದಲ್ಲಿ ಪಟ್ಟಿ ಸುತ್ತಿ, ಸೌಟಿನ ಹಿಡಿ ಇಟ್ಟು ಗಂಟು ಹಾಕಿ ತಿರುಪಿದಳು. ಮಾವ ಕಿರುಚಿದ. ಇನ್ನೊಂದು ಸುತ್ತು ತಿರುಪಿದಳು. ಚಿಮ್ಮುವುದು ನಿಂತಿತು.

ಆಗ ಒಂದು ಯೋಚನೆ ನನ್ನ ತಲೆಗೆ ಬಂದದ್ದು ನಿಜ. ಇವನು ಸತ್ತರೆ ಹುಡುಗಿ ಬದುಕುತ್ತಾಳೆ ಎಂದು. ಅವಳಿಗೂ ಬಂದಿರಬೇಕು, ನಮ್ಮಿಬ್ಬರ ಕಣ್ಣು ಒಮ್ಮೆ ಕೂಡಿತು. ಆದರೆ ಅವಳು ಸೌಟು ಬಿಡಲಿಲ್ಲ.

ಹೊರಗೆ ಬಾಗಿಲಿಗೆ ಮರದ ದಿಮ್ಮಿಯಿಂದ ಗುದ್ದತೊಡಗಿದರು. ಹಂಚಿನ ಮೇಲೆ ಕಲ್ಲು ಬಿದ್ದವು. ಹಂಚಿನ ಚೂರೊಂದು ಬಿದ್ದು ಆರನೆಯ ತರಗತಿಯ ಹುಡುಗಿಯ ಹಣೆ ಒಡೆಯಿತು. ಬಾಗಿಲ ಪಕ್ಕದ ಕಿಟಕಿಯ ಸರಳುಗಳ ನಡುವೆ ಕೈ ತೂರಿಸಿ ಒಬ್ಬ ಅಗುಳಿ ತೆಗೆಯಲು ನೋಡಿದ.

"ಕೋಲು!" ಎಂದು ನಾನು ಕೂಗಿದೆ. ಆ ಸೇವೆ, ಆ ಶಿಸ್ತು ಎಲ್ಲ ಎಲ್ಲಿಗೆ ಹೋಯಿತೋ, ನಮ್ಮ ಹುಡುಗಿಯರು ಆ ಕೈಯನ್ನು ಜಜ್ಜಿದರು. ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ಹೊರಗಿನವನು ಊಳಿಟ್ಟ. ಕೂಡಲೇ ಬಾಗಿಲಿನ ಸಂದಿಯಿಂದ ಒಂದು ಕತ್ತಿ ಒಳಗೆ ನುಗ್ಗಿ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ ಭಟ್ಟರ ಮಗಳ ಮುಂದೋಳನ್ನು ಸೀಳಿಕೊಂಡು ಹೋಯಿತು. ಅವಳು ಬೆನ್ನು ತೆಗೆಯಲಿಲ್ಲ. "ಟೀಚರ್, ಬೇಗ ಎಂತಾದರೂ ಮಾಡಿ" ಎಂದಳು ಅಷ್ಟೇ.

ಎಂತ ಮಾಡುವುದು? ಅವರು ಇವನನ್ನು ಕೊಲ್ಲಲು ಬಂದವರೆಂದೇ ನಾನು ತಿಳಿದಿದ್ದೆ. ಆಗ ಹೊರಗಿನಿಂದ ಒಂದು ದಪ್ಪ ಗಂಟಲು ಕೇಳಿಸಿತು.

"ಟೀಚರೇ, ಕೋಳಿ ಹೊರಗೆ ಕೊಡಿ! ಕೋಳಿ ನಮ್ಮದು. ಕೊಡದಿದ್ದರೆ ಅವನ ಕೈ ಸಮೇತ ಕಡಿದು ಕೊಂಡುಹೋಗುತ್ತೇವೆ."

ನಾನು ತಿರುಗಿ ನೋಡಿದೆ. ಹುಂಜ ಇನ್ನೂ ಅವನ ಎಡಗೈಯಲ್ಲೇ ಇತ್ತು. ಅಷ್ಟು ರಕ್ತ ಹೋಗಿ ಮುಖ ಬಿಳಿಚಿಕೊಂಡರೂ ಬೆರಳುಗಳು ಅದರ ಕೊರಳನ್ನು ಬಿಟ್ಟಿರಲಿಲ್ಲ. ಕೋಳಿಯ ಕಾಲಿನಲ್ಲಿ ಬಾಳು ಕಟ್ಟಿದ ಹಾಗೇ ಇತ್ತು. ಒಂದು ಸತ್ತ ಕೋಳಿಗೆ ಹುಡುಗಿಯರ ತಲೆ ಒಡೆಯುತ್ತಿದೆ ಎಂದು ಗೊತ್ತಾದಾಗ ನನಗೆ ಬಂದ ಸಿಟ್ಟು ಹೊರಗಿನವರ ಮೇಲೋ ಒಳಗಿನವನ ಮೇಲೋ ಹೇಳಲಾರೆ.

"ಯಜಮಾನರೇ, ಕೋಳಿ ಕೊಡಿ" ಎಂದೆ.

"ನನ್ನದು ಆಮೇಲೆ ಸತ್ತದ್ದು" ಎಂದ. ಸ್ವರ ಏಳುತ್ತಿರಲಿಲ್ಲ. "ಎಲ್ಲರೂ ನೋಡಿದ್ದಾರೆ. ಕೊಟ್ಟರೆ ಸೋತ ಹಾಗೆ. ಕೊಡುವುದಿಲ್ಲ."

"ನೀವು ಸಾಯ್ತೀರಿ ಮಾರಾಯ್ರೇ!"

"ಸಾಯ್ತೇನೆ. ಕೋಳಿ ಕೊಡುವುದಿಲ್ಲ."

ಲೀಡರ್ ನನ್ನ ಮುಖ ನೋಡಿದಳು. ಬಾಗಿಲಿನ ಮೇಲಿನ ತಿರುಗಣಿ ಆಗಲೇ ಕಿತ್ತುಬಂದಿತ್ತು. "ತೆಗಿ" ಎಂದೆ. ಅವಳು ಸೌಟನ್ನು ಇನ್ನೊಬ್ಬಳ ಕೈಗೆ ಕೊಟ್ಟು, ಮಾವನ ಮಣಿಕಟ್ಟಿನ ಮೇಲೆ ಮೊಣಕಾಲು ಇಟ್ಟು ಭಾರ ಬಿಟ್ಟಳು. ಅವನು ತಲೆಯೆತ್ತಿ ಅವಳ ತೋಳನ್ನು ಕಚ್ಚಿದ. ಹಲ್ಲು ಇಳಿದು ರಕ್ತ ಬಂತು. ಅವಳು ಹಲ್ಲು ಕಚ್ಚಿಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು. ಕೊನೆಯದನ್ನು ಬಿಡಿಸುವಾಗ ಅವನು ಅಳುತ್ತಿದ್ದ. ಹುಡುಗಿಯರೆದುರು ಆ ಗಂಡಸು ಮಗುವಿನಂತೆ ಅತ್ತದ್ದನ್ನು ನೋಡಿ ನನಗೆ ಮರುಕವೂ ಬಂತು, ನಾಲ್ಕು ಬಾರಿಸಬೇಕೆಂದೂ ಅನಿಸಿತು.

ನಾನು ಹುಂಜದ ಕಾಲು ಹಿಡಿದುಕೊಂಡು "ಬಾಗಿಲು ತೆಗೆಯಿರಿ" ಎಂದೆ. ಭಟ್ಟರ ಮಗಳು ಬೇಡವೆಂದು ತಲೆಯಾಡಿಸಿದಳು. "ತೆಗಿ" ಎಂದು ಗದರಿಸಿದೆ. ಹೊರಗೆ ಕಾಲಿಟ್ಟೆ. ಎದುರಿಗೆ ತಲೆಗೆ ಮುಂಡಾಸು ಸುತ್ತಿದ ಗಟ್ಟಿ ಆಳು, ಅವನ ಹಿಂದೆ ಕತ್ತಿ ದೊಣ್ಣೆ ಹಿಡಿದ ಜನ. ನಾನು ಕೋಳಿಯನ್ನು ಅವನ ಎದೆಗೆ ಎಸೆದೆ. ಬಿಡುವಾಗ ಬಾಳು ನನ್ನ ಅಂಗೈಯನ್ನು ಕೊಯ್ದುಕೊಂಡು ಹೋಯಿತು. ಮುಂಡಾಸಿನವನು ಅದನ್ನು ಎತ್ತಿ ಎಲ್ಲರಿಗೂ ತೋರಿಸಿದ. ಗುಂಪು ಹೋ ಎಂದು ಕೂಗಿತು.

"ನಮಗೆ ನಿಮ್ಮ ಮೇಲೆ ಎಂತ ದ್ವೇಷವೂ ಇಲ್ಲ ಟೀಚರೇ" ಎಂದ ಅವನು, ಬಹಳ ಮರ್ಯಾದೆಯಿಂದ. "ನ್ಯಾಯ ಆಗಬೇಕಿತ್ತು, ಆಯಿತು." ನನ್ನ ಹಿಂದೆ ಒಬ್ಬಳ ಹಣೆಯಿಂದಲೂ ಒಬ್ಬಳ ತೋಳಿನಿಂದಲೂ ರಕ್ತ ಸುರಿಯುತ್ತಿತ್ತು. ನಾನು ಅವನ ಮುಖಕ್ಕೆ ಉಗಿದೆ. ಅವನು ಒರೆಸಿಕೊಂಡು ಹೋದ.

ಡಾಕ್ಟರು ಇದ್ದದ್ದು ಬದಿಯಡ್ಕದಲ್ಲಿ. ಅಕ್ಕಿಯ ಗೋಣಿಗಳನ್ನು ನೆಲಕ್ಕೆ ಸುರಿದು ಬರಿದು ಮಾಡಿ, ಮೂಲೆ ಕತ್ತರಿಸಿ ಕೋಲು ತೂರಿಸಿದರು. ಗಾಯವಾದ ಇಬ್ಬರಿಗೂ ಪಟ್ಟಿ ಕಟ್ಟಿದರು. ಚಿಕ್ಕವರನ್ನು ಅಡುಗೆಯ ಅಮ್ಮನ ಬಳಿ ಬಿಟ್ಟೆವು. ಭಟ್ಟರ ಮಗಳಿಗೆ ನಿಲ್ಲು ಎಂದರೆ ಕೇಳಲಿಲ್ಲ, ಒಂದೇ ಕೈಯಿಂದ ಡೋಲಿಯ ಒಂದು ಮೂಲೆ ಹಿಡಿದಳು. ಲೀಡರ್ ಪಕ್ಕದಲ್ಲಿ ನಡೆಯುತ್ತ ಸೌಟು ಹಿಡಿದಿದ್ದಳು. ತಗ್ಗಿನ ಬೈಲುಗದ್ದೆಗಳಲ್ಲಿ ಎರಡನೆಯ ಬೆಳೆಗೆ ನೀರು ನಿಲ್ಲಿಸಿದ್ದರು, ನಡುವಿನ ಬದು, ನಮ್ಮ ಕಟ್ಟಪುಣಿ, ಒಬ್ಬರು ನಡೆಯುವಷ್ಟೇ ಅಗಲ. ಹೊತ್ತವರು ಎರಡೂ ಬದಿಯ ಕೆಸರಿಗೆ ಇಳಿದು ಮೊಣಕಾಲಿನವರೆಗೆ ಹೂತುಕೊಂಡು ನಡೆದರು. ಕುಡಿದ ಪಡ್ಡೆಗಳು ನಾಲ್ಕಾರು ಮಂದಿ ಹಿಂದಿನಿಂದ ಕಲ್ಲು ತೂರಿದರು, ಕೇಳಬಾರದ ಮಾತುಗಳನ್ನು ಕೂಗಿದರು. ಒಂದು ಕಲ್ಲು ನನ್ನ ಬೆನ್ನಿಗೆ ಬಿತ್ತು. ಡೋಲಿಯಂತೂ ತೂಗಾಡಲಿಲ್ಲ.

ಬೈಲು ದಾಟಿ ಗುಡ್ಡದ ದಾರಿ ಹತ್ತಿದ ಮೇಲೆ ಹಿಂದೆ ಯಾರೂ ಇರಲಿಲ್ಲ. ಒಂದು ಗೇರುಮರದ ಕೆಳಗೆ ಡೋಲಿ ಇಳಿಸಿದೆವು. ಮಾವನಿಗೆ ಸ್ವಲ್ಪ ಚೇತರಿಕೆಯಾಗಿತ್ತು. ಚೇತರಿಸಿಕೊಂಡವನು ಮೊದಲು ಆಡಿದ್ದು ಬೈಗುಳ.

"ನನ್ನ ಕೋಳಿ ಕೊಟ್ಟವಳು ನೀನು" ಎಂದ ಸೊಸೆಗೆ. "ನಾಲ್ಕು ಊರಿನವರ ಎದುರು ನನ್ನನ್ನು ಸೋಲಿಸಿದೆ. ಮನೆಗೆ ಬಾ, ನಿನ್ನ ಕಾಲು ಮುರಿಯದಿದ್ದರೆ ಕೇಳು. ಶಾಲೆ ಇಲ್ಲ, ಪರೀಕ್ಷೆಯೂ ಇಲ್ಲ. ಬರುವ ತಿಂಗಳೇ ಮದುವೆ."

ಲೀಡರ್ ನನ್ನನ್ನು ಕೇಳಿದಳು, "ಟೀಚರ್, ಕಟ್ಟು ಸಡಿಲಿಸುವ ಹೊತ್ತಾಯಿತಾ?"

ನಾನು ಗಡಿಯಾರ ನೋಡಿದೆ. "ಆಯಿತು" ಎಂದೆ.

ಅವಳು ಸೌಟನ್ನು ಹಿಂದಕ್ಕೆ ತಿರುಪಿದಳು. ಕಲಿಸಿದ್ದು ಅರ್ಧ ಸುತ್ತು. ಅವಳು ಪೂರ್ತಿ ಬಿಟ್ಟಳು. ಒಂದು ಗಳಿಗೆ ಏನೂ ಆಗಲಿಲ್ಲ. ಆಮೇಲೆ ಗಾಯದ ಬಾಯಲ್ಲಿ ರಕ್ತ ಉಕ್ಕಿ ಗೋಣಿಯ ಮೇಲೆ ಹರಿಯಿತು. ಅವಳು ಕೈ ಕಟ್ಟಿಕೊಂಡು ಕುಳಿತಳು.

"ಕಟ್ಟು" ಎಂದ ಮಾವ.

"ಕಟ್ಟುತ್ತೇನೆ ಮಾವ. ನಾನು ಶಾಲೆಗೆ ಹೋಗಬಹುದಾ?"

"ಕಟ್ಟು ಎಂದೆ!"

"ಪರೀಕ್ಷೆಗೆ ಕೂರಬಹುದಾ? ಟ್ರೈನಿಂಗಿಗೆ?"

ಅವನು ನನ್ನ ಕಡೆ ನೋಡಿದ. "ಟೀಚರೇ, ನೀವು ಹೇಳಿ ಇವಳಿಗೆ" ಎಂದ. ಎಲ್ಲರೂ ನನ್ನನ್ನೇ ನೋಡಿದರು. ಒಂದು ಮಾತು ಹೇಳಿದರೆ ಅವಳು ಕಟ್ಟುತ್ತಿದ್ದಳು, ನನ್ನ ಮಾತನ್ನು ಅವಳು ಎಂದೂ ಮೀರಿದವಳಲ್ಲ. ನನ್ನ ಬಾಯಿಗೆ ಬಂದ ಆ ಮಾತನ್ನು ನುಂಗಿಕೊಂಡೆ. ತಪ್ಪು ಮಾಡಿದೆನೆಂದು ಅಂದೂ ಅನಿಸಲಿಲ್ಲ, ಇಂದೂ ಅನಿಸುವುದಿಲ್ಲ. ಭಯವಾಗಿತ್ತು, ಅದು ಬೇರೆ.

"ಹೋಗು" ಎಂದ ಅವನು. ಹಲ್ಲು ಕಟಕಟ ಎನ್ನುತ್ತಿತ್ತು. "ಎಲ್ಲಿಗೆ ಬೇಕಾದರೂ ಹೋಗು. ಕಟ್ಟು."

ಲೀಡರ್ ಸೌಟನ್ನು ಮುಟ್ಟಲಿಲ್ಲ. "ಹೀಗಲ್ಲ ಮಾವ. ಮನೆಯ ದೈವದ ಹೆಸರಿನಲ್ಲಿ ಹೇಳಿ."

ಆಗ ಅವನ ಕಣ್ಣಿನಲ್ಲಿ ನಿಜವಾದ ಹೆದರಿಕೆ ಕಂಡಿತು. ಮನುಷ್ಯರಿಗೆ ಕೊಟ್ಟ ಮಾತನ್ನು ಅವನು ಎಷ್ಟು ಮುರಿದಿದ್ದನೋ ಲೆಕ್ಕವಿಲ್ಲ. ಆದರೆ ದೈವದ ಹೆಸರೆತ್ತಿ ಆಡಿದ ಮಾತಿಗೆ ತಪ್ಪಿದರೆ ಮನೆತನವೇ ಮುಳುಗುತ್ತದೆ ಎಂದು ನಂಬಿದ ಮನುಷ್ಯ. ಪ್ರತಿ ವರ್ಷ ದೈವದ ಕೋಲದ ದಿನ ಮೊದಲು ಕೈಮುಗಿದು ನಿಲ್ಲುವವನು ಅವನೇ. ಅವನು ಮುಖವನ್ನು ಆಚೆ ತಿರುಗಿಸಿದ. ರಕ್ತ ಗೋಣಿಯಿಂದ ಒಣ ಎಲೆಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಒಬ್ಬ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ಭಟ್ಟರ ಮಗಳು ತನ್ನ ಗಾಯದ ಕೈಯನ್ನು ಎದೆಗೆ ಒತ್ತಿಕೊಂಡು ಲೀಡರಿನ ಪಕ್ಕದಲ್ಲಿ ಹೋಗಿ ಕುಳಿತಳು.

ಕೊನೆಗೆ ಅವನು ಹೇಳಿದ. ದೈವದ ಹೆಸರು ಹೇಳಿ, ತನ್ನ ಹೆಸರು ಹೇಳಿ, ಇವಳ ಓದಿಗೆ ತಾನು ಅಡ್ಡ ಬರುವುದಿಲ್ಲ, ಇವಳ ಮೈಮೇಲೆ ಕೈ ಮಾಡುವುದಿಲ್ಲ ಎಂದು ತುಳುವಿನಲ್ಲಿ ಹೇಳಿದ. ನಾವೆಲ್ಲರೂ ಕೇಳಿದೆವು. ಹೇಳಿ ಮುಗಿಯುವ ಮೊದಲೇ ಅವಳು ಸೌಟನ್ನು ತಿರುಪತೊಡಗಿದ್ದಳು. ಕೈ ಜಾರುತ್ತಿತ್ತು, ಲಂಗಕ್ಕೆ ಒರೆಸಿಕೊಂಡು ಮತ್ತೆ ತಿರುಪಿದಳು. ರಕ್ತ ನಿಂತಿತು. "ಎತ್ತಿ" ಎಂದಳು.

ಡಾಕ್ಟರು ಗಾಯ ಹೊಲಿದು, ಸಿಕ್ಕಿದ ಬಸ್ಸಿನಲ್ಲಿ ಅವನನ್ನು ಕಾಸರಗೋಡಿನ ದೊಡ್ಡ ಆಸ್ಪತ್ರೆಗೆ ಕಳುಹಿಸಿದರು. ಅವನು ಉಳಿದ. ಕಾಲು ಎಳೆದುಕೊಂಡು ನಡೆಯುವಂತಾಯಿತು. ಮಾರ್ಚಿಯಲ್ಲಿ ಹುಡುಗಿ ಪರೀಕ್ಷೆಗೆ ಕುಳಿತಳು, ಮಳೆಗಾಲಕ್ಕೆ ಮೊದಲು ಮಂಗಳೂರಿಗೆ ಹೋದಳು. ಅವನು ಆಮೇಲೆ ಶಾಲೆಯ ಕಡೆ ತಲೆಹಾಕಲಿಲ್ಲ. ದಾರಿಯಲ್ಲಿ ನಾನು ಎದುರಾದರೆ ಗದ್ದೆಗೆ ಇಳಿದು ಹೋಗುತ್ತಿದ್ದ. ದಳದ ಬಗ್ಗೆ ಮೇಲಿನವರಿಗೆ ದೂರು ಹೋಯಿತು. ಹುಡುಗಿಯರು ಗಂಡಸರ ಬೆರಳು ಮುರಿಯುವುದು ಸೇವೆಯೇ ಎಂದು ನನ್ನನ್ನು ವಿಚಾರಿಸಿದರು. ಹೌದು ಎಂದೆ. ಭಟ್ಟರು ಮಗಳನ್ನು ಬಿಡಿಸುತ್ತಾರೆಂದುಕೊಂಡಿದ್ದೆ, ಬಿಡಿಸಲಿಲ್ಲ.

ಗೇರುಮರದ ಕೆಳಗೆ ನಡೆದದ್ದನ್ನು ಮಾತ್ರ ನಾವು ಯಾರೂ ಹೊರಗೆ ಬಾಯಿ ಬಿಡಲಿಲ್ಲ. ನಾನು ಅದರ ಬಗ್ಗೆ ಅವಳನ್ನು ಕೇಳಿದ್ದು ಒಂದೇ ಸಲ, ಅದೇ ಸಂಜೆ, ಡಾಕ್ಟರ ಮನೆಯ ಬಾವಿಕಟ್ಟೆಯಲ್ಲಿ ಅವಳು ಕೈ ತೊಳೆಯುತ್ತಿರುವಾಗ. ನಾನು ಕೊಡದಿಂದ ನೀರು ಹೊಯ್ಯುತ್ತಿದ್ದೆ. ನೀರು ಬಹಳ ಹೊತ್ತು ಕೆಂಪಗೇ ಹರಿಯಿತು.

"ಅವರು ಹೇಳದೆ ಇದ್ದಿದ್ದರೆ ನೀನು ಕಟ್ಟುತ್ತಿದ್ದೆಯಾ?" ಎಂದೆ.

ಅವಳು ಉಗುರಿನ ಸಂದಿಯನ್ನು ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಹೇಳಿದರಲ್ಲ ಟೀಚರ್" ಎಂದಳು.